ಸೊಂಟದ ಪ್ಲಾಸ್ಟರ್ ಹಾಕಿದ ಮಗುವಿಗೆ ವಾಂತಿ, ಹೊಟ್ಟೆಯುಬ್ಬರ: ಯಾವುದು ಸಾಮಾನ್ಯ, ಯಾವುದು ಅಪಾಯ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವರು. ನಾಲ್ಕು ವರ್ಷದ ಮಗಳಿಗೆ ಹುಟ್ಟಿನಿಂದಲೇ ಸೊಂಟದ ಕೀಲು ಜಾರಿದ್ದುದು ತಡವಾಗಿ ತಿಳಿದು, ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಎದೆಯ ಕೆಳಗಿನಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದ್ದಾರೆ, ಆರು ವಾರ ಇರಬೇಕಂತೆ. ಮನೆಗೆ ಬಂದು ಒಂದು ವಾರವಾಯಿತು. ನಾಲ್ಕು ದಿನಗಳಿಂದ ಮಲವಿಸರ್ಜನೆ ಆಗಿಲ್ಲ. ಎರಡು ತುತ್ತು ಉಂಡರೆ ಹೊಟ್ಟೆ ತುಂಬಿತು ಎನ್ನುತ್ತಾಳೆ. ನಿನ್ನೆಯಿಂದ ಮೂರು ಸಲ ವಾಂತಿಯಾಗಿದೆ, ಕೊನೆಯದು ಹಸಿರು ಬೆರೆತ ಹಳದಿ ಬಣ್ಣದ್ದಾಗಿತ್ತು. ಅತ್ತೆಯವರು ಓಮದ ಕಷಾಯ ಕೊಡೋಣ ಎನ್ನುತ್ತಾರೆ, ನೆರೆಮನೆಯವರು ಹರಳೆಣ್ಣೆ ಕುಡಿಸಿ ಎನ್ನುತ್ತಾರೆ. ಇದೆಲ್ಲ ಪ್ಲಾಸ್ಟರಿನಿಂದ ಆಗುವುದೇ? ಆಹಾರ ಏನು ಕೊಡಬೇಕು? ಪ್ಲಾಸ್ಟರ್ ಒಡೆಯಬೇಕಾಗಿ ಬಂದರೆ ಮಾಡಿಸಿದ ಆಪರೇಷನ್ ವ್ಯರ್ಥವಾಗುವುದೇ?

ಉತ್ತರ: ಈ ಪ್ರಶ್ನೆ ಕೈಸೇರಿದ ದಿನವೇ, ಅಚ್ಚಾಗುವವರೆಗೆ ಕಾಯದೆ, ಮಗುವಿಗೆ ಬಾಯಿಯಿಂದ ಏನನ್ನೂ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಆ ತಾಯಿಗೆ ನೇರವಾಗಿ ತಿಳಿಸಿದ್ದೇನೆ. ಹಸಿರು ವಾಂತಿಯಾದ ಮಗುವಿನ ವಿಷಯದಲ್ಲಿ ಮೊದಲ ಉತ್ತರ ಅದೊಂದೇ. ಇಲ್ಲಿ ಬರೆಯುತ್ತಿರುವ ವಿವರಣೆ, ಇಂಥದೇ ಪ್ಲಾಸ್ಟರಿನಲ್ಲಿ ಮಲಗಿರುವ ಮಗುವನ್ನು ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುತ್ತಿರುವ ಎಲ್ಲ ತಂದೆತಾಯಂದಿರಿಗಾಗಿ.

ಪ್ಲಾಸ್ಟರ್ ಹಾಕಿ ಮನೆಗೆ ಕಳುಹಿಸುವಾಗ ನಾವು ವೈದ್ಯರು ಕಾಲ್ಬೆರಳುಗಳ ಬಣ್ಣ ನೋಡುತ್ತಿರಿ, ಊತ ಬಂದರೆ ತಿಳಿಸಿ, ಪ್ಲಾಸ್ಟರ್ ಒದ್ದೆಯಾಗದಿರಲಿ ಎಂದು ಮರೆಯದೆ ಹೇಳುತ್ತೇವೆ. ಹೊಟ್ಟೆಯನ್ನು ನೋಡುತ್ತಿರಿ ಎಂದು ಅಷ್ಟೇ ಒತ್ತಿ ಹೇಳುವುದು ಕಡಿಮೆ. ಶಸ್ತ್ರಚಿಕಿತ್ಸೆ ನಡೆದದ್ದು ಸೊಂಟಕ್ಕೆ, ಹೊಟ್ಟೆಗೂ ಅದಕ್ಕೂ ಏನು ಸಂಬಂಧ ಎಂಬ ಭಾವನೆ ಮನೆಯವರಲ್ಲಿ ಸಹಜವಾಗಿಯೇ ಬೆಳೆಯುತ್ತದೆ. ಆದರೆ ಎದೆಯ ಕೆಳಗಿನಿಂದ ಕಾಲಿನವರೆಗೆ ಗಟ್ಟಿ ಕವಚದೊಳಗೆ ಸೇರಿಸಿದ ಮೇಲೆ ಹೊಟ್ಟೆಯೂ ಆ ಚಿಕಿತ್ಸೆಯ ಭಾಗವೇ ಆಗುತ್ತದೆ. ಉಂಡಾಗ ಉಬ್ಬುವುದಕ್ಕೆ ಅದಕ್ಕೆ ಜಾಗವಿಲ್ಲ, ಮಗ್ಗುಲು ಬದಲಿಸುವುದಕ್ಕೆ ಮಗುವಿಗೆ ಶಕ್ತಿಯಿಲ್ಲ, ಕುಳಿತು ಮಲವಿಸರ್ಜಿಸುವ ಅನುಕೂಲವಿಲ್ಲ.

ಹೆಚ್ಚಿನ ಮಕ್ಕಳಲ್ಲಿ ಕಾಣಿಸುವ ತೊಂದರೆ ಬರಿಯ ಮಲಬದ್ಧತೆ. ಅದಕ್ಕೆ ಕಾರಣಗಳು ಹಲವು ಸೇರಿರುತ್ತವೆ. ಓಡಾಟ ನಿಂತರೆ ಕರುಳಿನ ಚಲನೆ ನಿಧಾನವಾಗುತ್ತದೆ. ಅರಿವಳಿಕೆಯ ಪರಿಣಾಮದಿಂದ ಮೊದಲ ಒಂದೆರಡು ದಿನ ಕರುಳು ಮಂದವಾಗಿಯೇ ಇರುತ್ತದೆ. ನೋವಿಗೆ ಕೊಡುವ ಟ್ರಮಡಾಲ್‌ನಂತಹ ಔಷಧಗಳು ಕರುಳನ್ನು ಇನ್ನಷ್ಟು ಜಡಗೊಳಿಸುತ್ತವೆ, ವಾಂತಿ ನಿಲ್ಲಲೆಂದು ಕೊಡುವ ಒಂಡಾನ್ಸೆಟ್ರಾನ್‌ಗೂ ಮಲ ಕಟ್ಟಿಸುವ ಗುಣವಿದೆ. ಇವುಗಳ ಜೊತೆಗೆ, ಬಚ್ಚಲಿಗೆ ತಾನಾಗಿಯೇ ಹೋಗಲು ಕಲಿತಿದ್ದ ನಾಲ್ಕೈದು ವರ್ಷದ ಮಗುವಿಗೆ ಮತ್ತೆ ಡಯಾಪರ್ ಕಟ್ಟಿದಾಗ ನಾಚಿಕೆಯಾಗಿ ಅದು ಮಲವನ್ನು ತಡೆಹಿಡಿಯುತ್ತದೆ. ತಡೆಹಿಡಿದಷ್ಟೂ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಹೊರಬರುವಾಗ ನೋವಾಗುತ್ತದೆ, ನೋವಾದ ಮಗು ಮರುದಿನ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ನೆಂಟರಿಷ್ಟರು ನೋಡಲು ಬಂದು ಚಾವಡಿಯಲ್ಲಿ ಮಗುವಿನ ಸುತ್ತ ಕುಳಿತಿರುವಾಗ ಬೆಡ್ ಪ್ಯಾನ್ ಇಟ್ಟರೆ ಯಾವ ಮಗುವೂ ಮಲವಿಸರ್ಜಿಸಲಾರದು. ಬೆಳಗಿನ ಆಹಾರವಾದ ಸ್ವಲ್ಪ ಹೊತ್ತಿಗೆ ದಿನವೂ ಒಂದೇ ಸಮಯದಲ್ಲಿ, ಬಾಗಿಲು ಮುಚ್ಚಿ, ತಾಯಿಯೋ ಅಜ್ಜಿಯೋ ಒಬ್ಬರೇ ಬಳಿಯಲ್ಲಿದ್ದು ಪ್ರಯತ್ನಿಸಬೇಕು. ಆಗ ತಲೆಯ ಭಾಗ ಸೊಂಟಕ್ಕಿಂತ ಎತ್ತರದಲ್ಲಿದ್ದರೆ ಮೂತ್ರ ಹಿಂದಕ್ಕೆ ಹರಿದು ಪ್ಲಾಸ್ಟರಿನೊಳಗೆ ಸೇರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣವೊಂದನ್ನು ನಾನು ಈ ಭಾಗದ ಮನೆಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಮೂತ್ರ ತಾಗಿ ಪ್ಲಾಸ್ಟರ್ ಒದ್ದೆಯಾಗುತ್ತದೆಂಬ ಭಯದಿಂದ ಮಗುವಿಗೆ ನೀರು ಕೊಡುವುದನ್ನೇ ಕಡಿಮೆ ಮಾಡುವುದು ಅದು. ಹೊರಗೆ ಆಟಿ ತಿಂಗಳ ಮಳೆ ಬಿಡದೆ ಸುರಿಯುತ್ತಿರುವಾಗ, ಒದ್ದೆಯಾದ ಪ್ಲಾಸ್ಟರ್ ಒಣಗುವುದಿಲ್ಲ, ನಾರುತ್ತದೆ, ಒಳಗೆ ಚರ್ಮ ಹುಣ್ಣಾಗುತ್ತದೆ ಎಂಬ ಚಿಂತೆ ಅರ್ಥವಾಗುವಂಥದೇ. ಆದರೂ ಈ ಉಳಿತಾಯ ಬಹಳ ದುಬಾರಿ. ನೀರು ಕಡಿಮೆಯಾದರೆ ಮಲ ಕಲ್ಲಾಗುತ್ತದೆ, ಮೂತ್ರ ದಪ್ಪಗಾಗಿ ಉರಿಯುತ್ತದೆ, ಮಗು ಸೋಲುತ್ತದೆ. ಸುಮಾರು 15 ಕಿಲೋ ತೂಕದ ಮಗುವಿಗೆ ದಿನಕ್ಕೆ, ಹಾಲು, ಗಂಜಿತಿಳಿ, ಮಜ್ಜಿಗೆ, ಎಳನೀರು ಎಲ್ಲ ಸೇರಿ, 1,250 ಮಿಲಿಲೀಟರಿನಷ್ಟು ದ್ರವ ಬೇಕು. ಸೆಕೆಗಾಲದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಪ್ಲಾಸ್ಟರನ್ನು ಕಾಪಾಡಲು ಬೇರೆ ಉಪಾಯವಿದೆ: ಚಿಕ್ಕ ಅಳತೆಯ ಡಯಾಪರನ್ನು ತೆರೆದ ಭಾಗದ ಅಂಚಿನೊಳಗೆ ನಾಲ್ಕೂ ಕಡೆ ತೂರಿಸಿಟ್ಟು, ಅದರ ಮೇಲೆ ಪ್ಲಾಸ್ಟರಿನ ಹೊರಗಿನಿಂದ ದೊಡ್ಡ ಡಯಾಪರ್ ಕಟ್ಟಬೇಕು. ಹಗಲು ಎರಡು ಗಂಟೆಗೊಮ್ಮೆ, ರಾತ್ರಿ ಒಂದೆರಡು ಸಲ ಒಳಗಿನದನ್ನು ನೋಡಿ ಬದಲಿಸಬೇಕು.

ಆಹಾರದ ಬಗ್ಗೆ ಕೇಳಿದ್ದೀರಿ. ವಾಂತಿಯಿಲ್ಲದ, ಹೊಟ್ಟೆ ಮೆತ್ತಗಿರುವ ಮಗುವಿಗೆ ಮನೆಯ ಊಟವೇ ಸಾಕು, ಆದರೆ ಮೂರು ಹೊತ್ತಿನ ಊಟವನ್ನು ಐದಾರು ಸಲಕ್ಕೆ ಹಂಚಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಕುಚ್ಚಲಕ್ಕಿ ಗಂಜಿಗೆ ಒಂದು ಚಮಚ ತುಪ್ಪ, ಚೆನ್ನಾಗಿ ಬೆಂದ ಹೆಸರುಬೇಳೆ, ಬಸಳೆ ಅಥವಾ ಹರಿವೆ ಸೊಪ್ಪು, ರಾಗಿ ಮಣ್ಣಿ, ಪಪ್ಪಾಯಿ, ಪೂರ್ತಿ ಹಣ್ಣಾದ ಕದಳಿ ಬಾಳೆ, ರಾತ್ರಿ ನೀರಿನಲ್ಲಿ ನೆನೆಸಿಟ್ಟ ಒಣದ್ರಾಕ್ಷಿ ಇವೆಲ್ಲ ಒಳ್ಳೆಯವು. ಮಗು ಸೊರಗಿದೆಯೆಂದು ಬಾಳೆಕಾಯಿ ಹುಡಿಯನ್ನು ಹಾಲಿನಲ್ಲಿ ಕಾಯಿಸಿ ಕೊಡುವ ರೂಢಿ ನಮ್ಮಲ್ಲಿದೆ. ಕಾಯಿಬಾಳೆ ಮಲವನ್ನು ಕಟ್ಟಿಸುತ್ತದೆಯಾದ್ದರಿಂದ ಈ ವಾರಗಳಲ್ಲಿ ಅದು ಬೇಡ. ಹಾಲು ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚಾದರೆ ಅದರಿಂದಲೂ ಮಲಬದ್ಧತೆ ಬರುತ್ತದೆ, ಬೇರೆ ಆಹಾರಕ್ಕೆ ಹಸಿವೂ ಉಳಿಯುವುದಿಲ್ಲ. ಹಲಸಿನ ಬೀಜ, ಕಡಲೆ, ಬಾಟಲಿಯ ಸೋಡಾ ಪಾನೀಯಗಳು ವಾಯು ತುಂಬಿಸುತ್ತವೆ. ಹೊಟ್ಟೆ ಹೊರಕ್ಕೆ ಉಬ್ಬಲಾಗದ ಮಗುವಿಗೆ ಅವು ಬಹಳ ಕಷ್ಟ ಕೊಡುತ್ತವೆ.

ಉಣಿಸುವಾಗ ಮಗುವನ್ನು ಅಂಗಾತ ಚಪ್ಪಟೆಯಾಗಿ ಮಲಗಿಸಿ ಬಾಯಿಗೆ ಹಾಕಬಾರದು, ನೆತ್ತಿಗೇರಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಭುಜದ ಕೆಳಗೆ ಮಾತ್ರ ದಿಂಬು ತುರುಕಿದರೆ ಪ್ಲಾಸ್ಟರಿನ ಮೇಲಂಚು ಹೊಟ್ಟೆಗೋ ಎದೆಗೋ ಒತ್ತುತ್ತದೆ. ಹಾಸಿಗೆಯ ತಲೆಯ ಕಡೆಯನ್ನೇ ಪೂರ್ತಿಯಾಗಿ ಎತ್ತರಿಸಿ, ಇಡೀ ದೇಹ ಓರೆಯಾಗಿ ಇರುವಂತೆ ಮಾಡುವುದು ಒಳ್ಳೆಯದು. ಉಂಡ ಮೇಲೆ ಅರ್ಧ ಗಂಟೆ ಹಾಗೆಯೇ ಇರಲಿ. ಊಟವಾದಾಗ ಪ್ಲಾಸ್ಟರಿನ ಮೇಲಂಚಿಗೂ ಮೈಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಪ್ಲಾಸ್ಟರ್ ಬಿಗಿಯಾಗಿದೆಯೆಂದೋ ಹೊಟ್ಟೆ ಉಬ್ಬಿದೆಯೆಂದೋ ತಿಳಿಯಬೇಕು. ಅನುಭವಸ್ಥರು ಪ್ಲಾಸ್ಟರ್ ಹಾಕುವಾಗ ಹೊಟ್ಟೆಯ ಮೇಲೆ ಮಡಚಿದ ಬಟ್ಟೆಯೊಂದನ್ನಿಟ್ಟು ಅನಂತರ ಎಳೆದು ತೆಗೆಯುವುದು ಈ ಜಾಗವನ್ನು ಉಳಿಸುವುದಕ್ಕಾಗಿಯೇ. ಹೊಟ್ಟೆಯ ಭಾಗದಲ್ಲಿ ಕಿಟಕಿಯಂತೆ ಕತ್ತರಿಸಿ ತೆರೆದಿಡುವುದೂ ಇದೇ ಉದ್ದೇಶಕ್ಕೆ.

ಎರಡು ಮೂರು ದಿನ ಮಲವಿಸರ್ಜನೆಯಾಗದಿದ್ದರೆ, ಹೊಟ್ಟೆ ಮೆತ್ತಗಿದ್ದು ಮಗು ಉಣ್ಣುತ್ತಿದ್ದರೆ, ವೈದ್ಯರನ್ನು ಕೇಳಿ ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಅಥವಾ ಪಾಲಿಇಥಿಲೀನ್ ಗ್ಲೈಕಾಲನ್ನು ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಕೊಡಬಹುದು. ಅಗತ್ಯ ಬಿದ್ದರೆ ಗುದದ್ವಾರದಲ್ಲಿಡುವ ಗ್ಲಿಸರಿನ್ ಗುಳಿಗೆಯನ್ನೂ ಅವರು ಸೂಚಿಸಬಹುದು. ಟ್ರಮಡಾಲ್ ಬದಲು ಪ್ಯಾರಾಸಿಟಮಾಲ್ ಸಾಕಾಗುವುದೇ ಎಂದು ಅದೇ ವೇಳೆ ಕೇಳಿ. ಐಬುಪ್ರೊಫೆನ್ ಕೊಡುತ್ತಿದ್ದರೆ ಬರಿಹೊಟ್ಟೆಯಲ್ಲಿ ಕೊಡಬೇಡಿ. ಇನ್ನೊಂದು ಸೂಕ್ಷ್ಮವಿದೆ. ಹಲವು ದಿನ ಮಲ ಕಟ್ಟಿದ ಮೇಲೆ ಡಯಾಪರಿನಲ್ಲಿ ನೀರುನೀರಾಗಿ ಸ್ವಲ್ಪ ಸ್ವಲ್ಪ ಕಾಣಿಸಿಕೊಂಡರೆ ಅದು ಭೇದಿಯಾಗಿರಬೇಕೆಂದಿಲ್ಲ, ಗಟ್ಟಿ ಮಲದ ಉಂಡೆಯ ಸುತ್ತಿನಿಂದ ಸೋರುವ ದ್ರವವಾಗಿರಬಹುದು. ಭೇದಿಯೆಂದು ಭ್ರಮಿಸಿ ಮಲ ಮೆತ್ತಗಾಗಿಸುವ ಔಷಧವನ್ನು ನಿಲ್ಲಿಸಿಬಿಟ್ಟರೆ ತೊಂದರೆ ಇಮ್ಮಡಿಯಾಗುತ್ತದೆ. ಆಂಟಿಬಯೋಟಿಕ್‌ನಿಂದ ನಿಜವಾದ ಭೇದಿಯೂ ಆಗಬಹುದಾದ್ದರಿಂದ ವೈದ್ಯರು ಹೊಟ್ಟೆ ಮುಟ್ಟಿ ನೋಡಿ ನಿರ್ಧರಿಸಲಿ.

ಇಷ್ಟು ಸಾಮಾನ್ಯ ತೊಂದರೆಗಳ ಮಾತು. ಪತ್ರದಲ್ಲಿರುವ ಲಕ್ಷಣಗಳು ಇದಕ್ಕಿಂತ ಬೇರೆ. ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಮೇಲ್ಹೊಟ್ಟೆ ಉಬ್ಬುವುದು, ವಾಂತಿ ಮರುಕಳಿಸಿ ಅದರಲ್ಲಿ ಹಸಿರು ಪಿತ್ತ ಕಾಣಿಸುವುದು, ಇವು ಒಟ್ಟಾದಾಗ ಕರುಳಿನ ಮೇಲ್ಭಾಗದಲ್ಲಿ ತಡೆಯುಂಟಾಗಿದೆ ಎಂದು ಭಾವಿಸಿಯೇ ಮುಂದುವರಿಯಬೇಕು. ಪಿತ್ತ ಕರುಳಿಗೆ ಸೇರುವುದು ಜಠರವನ್ನು ದಾಟಿದ ಮೇಲೆ, ಡುವೊಡಿನಮ್ ಎಂಬ ಸಣ್ಣಕರುಳಿನ ಮೊದಲ ಭಾಗದಲ್ಲಿ. ಆದುದರಿಂದ ವಾಂತಿ ಹಸಿರಾಗಿದ್ದರೆ ತಡೆ ಅದಕ್ಕಿಂತ ಮುಂದೆ ಇದೆಯೆಂಬ ಶಂಕೆ ಬಲವಾಗುತ್ತದೆ. ಪ್ಲಾಸ್ಟರಿನಲ್ಲಿರುವ ಮಕ್ಕಳಲ್ಲಿ ಹೀಗಾಗುವುದನ್ನು ಕಾಸ್ಟ್ ಸಿಂಡ್ರೋಮ್ ಎನ್ನುತ್ತಾರೆ. ಬೆನ್ನು ಬಾಗಿದ ರೋಗಿಯೊಬ್ಬರಿಗೆ ಪ್ಲಾಸ್ಟರ್ ಕಟ್ಟಿದ ಬಳಿಕ ವಾಂತಿಯಿಂದಲೇ ಸಾವುಂಟಾದುದನ್ನು ವಿಲೆಟ್ ಎಂಬ ವೈದ್ಯರು 1878ರಲ್ಲಿಯೇ ವರದಿ ಮಾಡಿದ್ದರು. ಈ ಹೆಸರು 1950ರಲ್ಲಿ ಡಾರ್ಫ್ ಅವರ ಲೇಖನದಿಂದ ಬಳಕೆಗೆ ಬಂತು. ಅಪರೂಪದ ತೊಂದರೆಯೇ ಹೌದು, ಆದರೆ ತಡವಾಗಿ ಗುರುತಿಸಿದರೆ ಪ್ರಾಣಕ್ಕೆ ಸಂಚಕಾರ ತರಬಲ್ಲದು.

ಇದು ಆಗುವ ಬಗೆಯನ್ನು ತಿಳಿದರೆ ಚಿಕಿತ್ಸೆಯೂ ಅರ್ಥವಾಗುತ್ತದೆ. ಬೆನ್ನುಮೂಳೆಯ ಮುಂದೆ ಮಹಾಪಧಮನಿ ಕೆಳಮುಖವಾಗಿ ಸಾಗುತ್ತದೆ. ಅದರಿಂದ ಕರುಳಿಗೆ ರಕ್ತ ಒಯ್ಯುವ ಸುಪೀರಿಯರ್ ಮೆಸೆಂಟರಿಕ್ ಅಪಧಮನಿ ಮುಂದಕ್ಕೆ ಓರೆಯಾಗಿ ಕವಲೊಡೆಯುತ್ತದೆ. ಈ ಎರಡರ ನಡುವಿನ ಸಂದಿನಲ್ಲಿ ಡುವೊಡಿನಮ್‌ನ ಮೂರನೆಯ ಭಾಗ ಅಡ್ಡವಾಗಿ ಹಾಯ್ದುಹೋಗುತ್ತದೆ, ಅಡಕತ್ತರಿಯ ಎರಡು ತೋಳುಗಳ ನಡುವೆ ಅಡಿಕೆ ಇರುವಂತೆ. ಸಾಮಾನ್ಯವಾಗಿ ಆ ಸಂದಿನ ಅಗಲ 10ರಿಂದ 28 ಮಿಲಿಮೀಟರ್ ಇರುತ್ತದೆ, ಅಲ್ಲಿರುವ ಕೊಬ್ಬಿನ ಮೆತ್ತೆ ತೋಳುಗಳು ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಮಗು ದಿನಗಟ್ಟಲೆ ಅಂಗಾತ ಮಲಗಿ, ಪ್ಲಾಸ್ಟರಿನಲ್ಲಿ ಸೊಂಟದ ಮೇಲಿನ ಬೆನ್ನು ಹೊಟ್ಟೆಯ ಕಡೆಗೆ ಕಮಾನಿನಂತೆ ಬಾಗಿದ ಭಂಗಿಯಲ್ಲಿ ಉಳಿದು, ಜೊತೆಗೆ ಶಸ್ತ್ರಚಿಕಿತ್ಸೆಯ ಬಳಿಕ ಸರಿಯಾಗಿ ಉಣ್ಣದೆ ತೂಕ ಇಳಿದು ಆ ಕೊಬ್ಬು ಕರಗಿದರೆ, ಸಂದು 8 ಮಿಲಿಮೀಟರಿಗೂ ಕೆಳಗಿಳಿದು ಕರುಳು ಒತ್ತಿಹೋಗುತ್ತದೆ. ಅದರ ಹಿಂದೆ ಜಠರದಲ್ಲಿ ಆಹಾರ, ಪಿತ್ತ, ಅಳುವಾಗ ನುಂಗಿದ ಗಾಳಿ ಎಲ್ಲ ಶೇಖರವಾಗುತ್ತವೆ. ಜಠರ ಉಬ್ಬಿದಷ್ಟೂ ಮಗುವಿಗೆ ಉಸಿರೆಳೆಯುವುದು ಕಷ್ಟ, ವಾಂತಿಯಾದಷ್ಟೂ ದೇಹದ ನೀರು, ಕ್ಲೋರೈಡ್, ಪೊಟ್ಯಾಸಿಯಂ ನಷ್ಟ. ಪೊಟ್ಯಾಸಿಯಂ ಇಳಿದರೆ ಕರುಳು ಮತ್ತಷ್ಟು ನಿಶ್ಚಲವಾಗುತ್ತದೆ, ಹೃದಯದ ಬಡಿತವೂ ಏರುಪೇರಾಗುತ್ತದೆ. ಸಣಕಲು ಮೈಯ ಮಕ್ಕಳಿಗೆ ಈ ಅಪಾಯ ಹೆಚ್ಚು. ಬೆನ್ನಿನ ಡೊಂಕನ್ನು ನೇರಗೊಳಿಸುವ ಶಸ್ತ್ರಚಿಕಿತ್ಸೆಯಾದ ಹರೆಯದ ಮಕ್ಕಳಲ್ಲಿ ಪ್ಲಾಸ್ಟರ್ ಇಲ್ಲದೆಯೂ ಇದು ಬರಬಹುದು, ಏಕೆಂದರೆ ಬೆನ್ನು ನೇರವಾಗಿ ದೇಹದ ಉದ್ದ ಹೆಚ್ಚಿದಾಗ ಆ ರಕ್ತನಾಳವೂ ಜಗ್ಗಲ್ಪಟ್ಟು ಸಂದು ಕಿರಿದಾಗುತ್ತದೆ.

ಹರಳೆಣ್ಣೆಯನ್ನು ನಾನು ಖಂಡಿತವಾಗಿ ಬೇಡವೆನ್ನುವುದು ಇದಕ್ಕಾಗಿ. ಮೇಲೆ ದಾರಿ ಕಟ್ಟಿರುವಾಗ ಕೆಳಗಿನ ಕರುಳನ್ನು ಹುರಿದುಂಬಿಸುವುದರಿಂದ ನೋವು, ವಾಂತಿ ಹೆಚ್ಚುತ್ತವೆಯೇ ಹೊರತು ದಾರಿ ತೆರೆಯುವುದಿಲ್ಲ. ಒಂದು ಚಮಚ ಓಮದ ಕಷಾಯ ವಿಷವಲ್ಲ, ಅತ್ತೆಯವರ ಕಾಳಜಿಯಲ್ಲಿ ತಪ್ಪೂ ಇಲ್ಲ. ಆದರೆ ಹಸಿರು ವಾಂತಿಯಾದ ಮೇಲೆ ಕಷಾಯ, ನೀರು, ಓಆರ್‌ಎಸ್ ಯಾವುದೂ ಹೊಟ್ಟೆಗೆ ಹೋಗಬಾರದು, ಕಷಾಯ ಕುಡಿಸಿ ಬೆಳಗಿನವರೆಗೆ ನೋಡೋಣ ಎಂಬ ಕಾಯುವಿಕೆ ಎಷ್ಟುಮಾತ್ರಕ್ಕೂ ಬೇಡ. ಮೆಡಿಕಲ್ ಅಂಗಡಿಯಿಂದ ವಾಂತಿಯ ಸಿರಪ್ ತಂದು ಕೊಡುವುದೂ ಅಷ್ಟೇ ತಪ್ಪು, ಅದರಿಂದ ಲಕ್ಷಣ ಮರೆಯಾಗಬಹುದು, ತಡೆ ಹಾಗೆಯೇ ಇರುತ್ತದೆ.

ಹಸಿರು ವಾಂತಿ ಒಂದು ಸಲವಾದರೂ ಸಾಕು, ಹೊರಡಬೇಕು. ಬೇರೆ ಬಣ್ಣದ ವಾಂತಿ ಪದೇ ಪದೇ ಆದರೂ, ಹೊಟ್ಟೆ ಬಿಗಿದು ನೋಯುತ್ತಿದ್ದರೂ, ವಾಯು ಕೂಡ ಹೋಗದಿದ್ದರೂ, ಎಂಟು ಗಂಟೆ ಮೂತ್ರವಾಗದಿದ್ದರೂ, ಉಸಿರಾಟ ವೇಗವಾಗಿದ್ದರೂ, ಮಗು ಮಂಕಾಗಿ ಕಣ್ಣು ಗುಳಿಬಿದ್ದಿದ್ದರೂ ಹಾಗೆಯೇ. ನಮ್ಮ ಜಿಲ್ಲೆಯ ಒಂದು ಕಷ್ಟವನ್ನು ಇಲ್ಲಿ ಹೇಳಲೇಬೇಕು. ಶಸ್ತ್ರಚಿಕಿತ್ಸೆ ಮಂಗಳೂರಿನಲ್ಲಿ, ಮನೆ ಗುಡ್ಡದ ಮೇಲಿನ ತೋಟದಲ್ಲಿ, ನಡುವೆ ತಲಪಾಡಿಯ ಗಡಿ ದಾಟುವ ದೀರ್ಘ ದಾರಿ. ಆಪರೇಷನ್ ಮಾಡಿದವರೇ ನೋಡಲಿ ಎಂದು ವಾಂತಿ ಮಾಡುತ್ತಿರುವ ಮಗುವನ್ನು ಕಾರಿನ ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿಸಿ ಅಷ್ಟು ದೂರ ಒಯ್ಯಬೇಡಿ. 108 ಆಂಬ್ಯುಲೆನ್ಸ್ ಕರೆದು, ಮೊದಲು ಹತ್ತಿರದಲ್ಲಿ ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿ, ಮೂಗಿನ ನಳಿಗೆಯಿಂದ ಹೊಟ್ಟೆಯನ್ನು ಖಾಲಿ ಮಾಡಿಸಿ, ಅಲ್ಲಿಂದ ಮುಂದಿನದು. ದಾರಿಯಲ್ಲಿ ಮಗುವನ್ನು ಎಡಮಗ್ಗುಲಿಗೆ ತಿರುಗಿಸಿ ಮಲಗಿಸಿ. ತಿರುಗಿಸುವಾಗ ಇಬ್ಬರಿರಬೇಕು, ಎರಡು ಕಾಲುಗಳ ನಡುವೆ ಕೂಡಿಸಿರುವ ಕೋಲನ್ನು ಹಿಡಿದು ಎತ್ತಬಾರದು. ಡಿಸ್ಚಾರ್ಜ್ ಪತ್ರ ಕೈಯಲ್ಲಿರಲಿ, ಶಸ್ತ್ರಚಿಕಿತ್ಸೆ ಮಾಡಿದ ವಿಭಾಗಕ್ಕೆ ದಾರಿಯಿಂದಲೇ ಫೋನ್ ಮಾಡಿ, ಇಲ್ಲಿಯ ವೈದ್ಯರೊಂದಿಗೆ ಮಾತನಾಡಿಸಿ.

ಆಸ್ಪತ್ರೆಯಲ್ಲಿ ರಕ್ತದ ಲವಣಾಂಶಗಳನ್ನು ಪರೀಕ್ಷಿಸಿ ಸರಿಪಡಿಸುತ್ತಾರೆ, ಎಕ್ಸ್‌ರೇ, ಅಗತ್ಯವಿದ್ದರೆ ಬೇರಿಯಂ ಕೊಟ್ಟು ತೆಗೆಯುವ ಚಿತ್ರ ಅಥವಾ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಪ್ಲಾಸ್ಟರಿನ ಹೊಟ್ಟೆಯ ಭಾಗವನ್ನು ಕತ್ತರಿಸಿ ತೆರೆಯುತ್ತಾರೆ ಅಥವಾ ಎರಡು ಹೋಳು ಮಾಡಿ ಸಡಿಲಿಸುತ್ತಾರೆ. ಮಗುವನ್ನು ಎಡಮಗ್ಗುಲಿಗೋ ಬೋರಲಾಗಿಯೋ ಮಲಗಿಸಿದಾಗ ರಕ್ತನಾಳ ಮುಂದಕ್ಕೆ ಜಾರಿ ಕರುಳಿನ ಮೇಲಿನ ಒತ್ತಡ ಇಳಿಯುತ್ತದೆ. ಕೆಲವು ಮಕ್ಕಳಿಗೆ ತಡೆಯನ್ನು ದಾಟಿ ಕರುಳಿನೊಳಗೆ ಸಣ್ಣ ನಳಿಗೆ ಇಳಿಸಿ ಅದರ ಮೂಲಕ ಆಹಾರ ಕೊಡಬೇಕಾಗುತ್ತದೆ, ತೂಕ ಮರಳಿದಂತೆ ಆ ಕೊಬ್ಬಿನ ಮೆತ್ತೆಯೂ ಮರಳುತ್ತದೆ. ಬಹುಪಾಲು ಮಕ್ಕಳು ಇಷ್ಟರಿಂದಲೇ ಗುಣವಾಗುತ್ತಾರೆ, ಕರುಳಿನ ಶಸ್ತ್ರಚಿಕಿತ್ಸೆಯವರೆಗೆ ಹೋಗುವುದು ವಿರಳ.

ಸ್ವಲ್ಪ ದೊಡ್ಡ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಹಲವು ವಾರ ಮಲಗಿಯೇ ಇದ್ದಾಗ ಮೂಳೆಯಿಂದ ಕ್ಯಾಲ್ಸಿಯಂ ಬಿಟ್ಟು ರಕ್ತಕ್ಕೆ ಸೇರುತ್ತದೆ. ವೇಗವಾಗಿ ಬೆಳೆಯುತ್ತಿರುವ ವಯಸ್ಸಿನವರಲ್ಲಿ ಅದು ಮಿತಿ ಮೀರಿದರೆ ವಾಕರಿಕೆ, ಮಲಬದ್ಧತೆ, ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ಕಾಣಿಸುತ್ತವೆ. ಮೂಳೆ ಬೇಗ ಕೂಡಲಿ ಎಂದು ವೈದ್ಯರು ಬರೆಯದ ಕ್ಯಾಲ್ಸಿಯಂ ಟಾನಿಕ್, ವಿಟಮಿನ್ ಡಿ ಹನಿಗಳನ್ನು ಕೊಡಬೇಡಿ. ರಾಗಿ, ಹಾಲು ಮುಂತಾದ ದಿನನಿತ್ಯದ ಆಹಾರಕ್ಕೆ ಈ ನಿಷೇಧವಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಪ್ಲಾಸ್ಟರ್ ಒಡೆದರೆ ಆಪರೇಷನ್ ಹಾಳಾಗುತ್ತದೆಂಬ ಹೆದರಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಆಸ್ಪತ್ರೆಗೆ ಹೊರಡುವುದು ತಡವಾಗುತ್ತದೆ. ಹೊಟ್ಟೆಯ ಭಾಗದಲ್ಲಿ ಕಿಟಕಿ ತೆರೆದರೆ ಸೊಂಟದ ಹಿಡಿತಕ್ಕೆ ಸಾಮಾನ್ಯವಾಗಿ ಧಕ್ಕೆಯಿಲ್ಲ, ಸೊಂಟವನ್ನು ಹಿಡಿದಿಡುವುದು ತೊಡೆ ಮತ್ತು ಕಟಿಯ ಸುತ್ತಲಿನ ಭಾಗ. ಪ್ಲಾಸ್ಟರನ್ನು ಪೂರ್ತಿ ತೆಗೆಯಬೇಕಾಗಿ ಬಂದರೂ, ಮಗು ಚೇತರಿಸಿಕೊಂಡ ಮೇಲೆ ಅರಿವಳಿಕೆ ಕೊಟ್ಟು ಕೀಲಿನ ಸ್ಥಾನವನ್ನು ಎಕ್ಸ್‌ರೇಯಲ್ಲಿ ನೋಡಿ ಇನ್ನೊಂದನ್ನು ಹಾಕಬಹುದು. ನಿಮ್ಮ ಮಗಳ ವಯಸ್ಸಿನ ಮಕ್ಕಳಲ್ಲಿ ಮೂಳೆಯನ್ನು ಕತ್ತರಿಸಿ ಜೋಡಿಸಿ ಒಳಗೆ ಪ್ಲೇಟ್ ಅಥವಾ ತಂತಿ ಇಟ್ಟಿರುವುದು ಹೆಚ್ಚು, ಅವು ಪ್ಲಾಸ್ಟರಿನ ಜೊತೆಗೆ ತಾವೂ ಆಧಾರವಾಗಿರುತ್ತವೆ. ಆದರೆ ಎಲ್ಲಿ, ಎಷ್ಟು ಕತ್ತರಿಸಬೇಕೆಂಬುದು ಮೂಳೆ ವೈದ್ಯರ ನಿರ್ಧಾರ. ಮನೆಯಲ್ಲಿ ಕತ್ತಿ, ಗರಗಸ ಹಿಡಿದು ಪ್ರಯತ್ನಿಸುವುದು ಚರ್ಮಕ್ಕೂ ಕೀಲಿಗೂ ಅಪಾಯ. ಮಗುವನ್ನು ಕರೆದೊಯ್ದಾಗ ಪ್ಲಾಸ್ಟರ್ ಕತ್ತರಿಸುವ ಯಂತ್ರ ಅಲ್ಲಿದೆಯೇ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿಕೊಂಡರೆ ಸಮಯ ಉಳಿಯುತ್ತದೆ. ಇಲ್ಲದಿದ್ದರೂ ಡ್ರಿಪ್ ಮತ್ತು ಮೂಗಿನ ನಳಿಗೆಯ ಕೆಲಸ ಅಲ್ಲಿಯೇ ಆರಂಭವಾಗಲಿ, ಪ್ಲಾಸ್ಟರಿನ ಕೆಲಸವನ್ನು ಮುಂದಿನ ಆಸ್ಪತ್ರೆಯಲ್ಲಿ ಮಾಡಿಸಬಹುದು.